ಪುಸ್ತಕಕ್ಕೊಂದು ಡಂಗುರ



ಕಳೆದ ತಿಂಗಳು ನಿಮ್ಮಲ್ಲಿ ಅನೇಕರಿಗೆ ಒಂದೂವರೆ ನಿಮಿಷದ ಚಿತ್ರತುಣುಕೊಂದನ್ನು ಕಳುಹಿಸಿದ್ದೆನಷ್ಟೆ. ಅದನ್ನು ನೋಡಿದ ಹಳೆಯ ವಿದ್ಯಾರ್ಥಿನಿಯೊಬ್ಬಳು, "ಸರ್, ಇದನ್ನು ಯಾವ ಸ್ಟುಡಿಯೋದಲ್ಲಿ ಮಾಡಿಸಿದಿರಿ? ಎಷ್ಟು ಖರ್ಚಾಯಿತು?" ಎಂದು ಕೇಳಿದ್ದಾಳೆ. ಸ್ಟುಡಿಯೋ ಎಂದರೆ ನಮ್ಮ ಮನೆಯ ನಡುಕೋಣೆ. ಖರ್ಚು ಎಂದರೆ ಹಂಪೆಗೆ ಹೋಗಿಬಂದ ಬಸ್ಸಿನ ಚಾರ್ಜು. ತಂತ್ರಾಂಶಕ್ಕೆ ಒಂದು ಪೈಸೆಯನ್ನೂ ಕೊಟ್ಟಿಲ್ಲ. ಆದರೆ ಇಷ್ಟು ಹೇಳಿ ಸುಮ್ಮನಾಗುವುದಕ್ಕೆ ಇತಿಹಾಸ ಪಾಠ ಹೇಳಿದ ಮೇಷ್ಟರಿಗೆ ಮನಸ್ಸು ಬರುವುದಿಲ್ಲ. ಪುಸ್ತಕವನ್ನು ಕೂಗಿ ಕರೆದು ತೋರಿಸುವ ಕೆಲಸಕ್ಕೆ ನಮ್ಮ ನಾಡಿನಲ್ಲಿ ದೊಡ್ಡ ಪೂರ್ವಕಥೆಯಿದೆ. ಆ ಕಥೆಯ ನಾಯಕರೇ ಈ ಟ್ರೈಲರಿನ ಕಾದಂಬರಿಕಾರರೂ ಹೌದು.

ಗಳಗನಾಥರ ಹೆಸರು ನಿಮಗೆಲ್ಲ ಗೊತ್ತು. 'ಕನ್ನಡ ಕಾದಂಬರಿಯ ಪಿತಾಮಹ ಯಾರು?' ಎಂಬ ಒಂದು ಅಂಕದ ಪ್ರಶ್ನೆಯಾಗಿ ಅವರು ತಲೆಮಾರುಗಳ ಕಾಲ ಬದುಕಿದ್ದಾರೆ. ಅಂಕ ಬಂತು, ಹೆಸರು ಉಳಿಯಿತು, ಪುಸ್ತಕ ಮಾತ್ರ ಕಪಾಟಿನೊಳಗೆ ಉಳಿಯಿತು. ನಾನು ಎರವಲು ತಂದ 'ಮಾಧವ ಕರುಣಾ ವಿಲಾಸ'ದ ಪ್ರತಿಯಲ್ಲಿ ಅಂಟಿಸಿದ ಚೀಟಿಯ ಮೇಲೆ ಕೊನೆಯ ಮೊಹರು 1987ರದು. ಅಲ್ಲಿಂದೀಚೆಗೆ ಅದನ್ನು ಮನೆಗೆ ಒಯ್ದವರಿಲ್ಲ. ಒಂದು ಪುಸ್ತಕ ಸಾಯುವುದೆಂದರೆ ಅದು ಸುಟ್ಟುಹೋಗಬೇಕೆಂದೇನೂ ಇಲ್ಲ. ಹೀಗೆ ಚೀಟಿಯ ಮೇಲೆ ಮೊಹರು ಬೀಳುವುದು ನಿಂತರೂ ಸಾಕು.

ವೆಂಕಟೇಶ ತಿರಕೊ ಕುಲಕರ್ಣಿ ಎಂಬುದು ಅವರ ಪೂರ್ಣ ಹೆಸರು. 1869ರಲ್ಲಿ ಹುಟ್ಟಿದರು, 1942ರಲ್ಲಿ ತೀರಿಕೊಂಡರು. ಇಂದಿನ ಹಾವೇರಿ ಜಿಲ್ಲೆಯಲ್ಲಿ ವರದೆಯು ತುಂಗಭದ್ರೆಯನ್ನು ಕೂಡುವ ಸ್ಥಳದಲ್ಲಿರುವ ಗಳಗನಾಥ ಗ್ರಾಮವೇ ಅವರ ಕಾವ್ಯನಾಮವಾಯಿತು. ಅಲ್ಲಿಯ ಗಳಗೇಶ್ವರ ದೇವಾಲಯವನ್ನು ನಮ್ಮ ಶಾಲೆಯ ಪ್ರವಾಸದಲ್ಲಿ ನೀವು ಕೆಲವರು ನೋಡಿದ್ದೀರಿ. ಮಧ್ಯಾಹ್ನದ ಬುತ್ತಿಯನ್ನು ಬಿಚ್ಚಿದ್ದು ಆ ಸಂಗಮದ ದಂಡೆಯಲ್ಲಿಯೇ. ಗಳಗನಾಥರೂ ನಮ್ಮ ವೃತ್ತಿಯವರು, ಪ್ರಾಥಮಿಕ ಶಾಲೆಯ ಶಿಕ್ಷಕರು. ಬರವಣಿಗೆಗೋಸ್ಕರ ಆ ನೌಕರಿಯನ್ನು ಬಿಟ್ಟರು. ಅಗಡಿಯ ಆನಂದವನದಿಂದ ಹೊರಟ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯನ್ನು ಬೆಳೆಸಿದರು. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಸ್ವತಂತ್ರವಾಗಿಯೂ ಬರೆದರು.

ಬರೆದ ಮೇಲೆ ಮಾರುವವರು ಯಾರು? ಆಗಿನ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಓದುಬಲ್ಲವರಲ್ಲಿ ಅನೇಕರು ಮರಾಠಿ ಪುಸ್ತಕಗಳಿಗೆ ಒಗ್ಗಿಹೋಗಿದ್ದರು. ಕನ್ನಡ ಪುಸ್ತಕವನ್ನು ಅಂಗಡಿಯಲ್ಲಿಟ್ಟು ಗಿರಾಕಿಗಾಗಿ ಕಾದರೆ ಧೂಳಷ್ಟೇ ಬರುತ್ತಿತ್ತು. ಆದ್ದರಿಂದ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಸಾಹಿತ್ಯಚರಿತ್ರೆಯಲ್ಲಿ ಈ ಸಂಗತಿಯನ್ನು ತ್ಯಾಗದ ಉದಾಹರಣೆಯಾಗಿ ಹೇಳುವುದು ವಾಡಿಕೆ. ನನಗೆ ಅದರಲ್ಲಿ ಜಾಣತನವೂ ಕಾಣುತ್ತದೆ. ಪುರಾಣಿಕರು, ಕೀರ್ತನಕಾರರು, ಗಮಕಿಗಳು ಜನರಿದ್ದಲ್ಲಿಗೆ ತಾವೇ ಹೋಗುತ್ತಿದ್ದ ನಾಡು ಇದು. ಕಥೆಯು ಕೇಳುಗನ ಬಾಗಿಲಿಗೆ ಬರಬೇಕೇ ಹೊರತು ಕೇಳುಗನು ಕಥೆಯನ್ನು ಹುಡುಕಿಕೊಂಡು ಹೋಗುವ ರೂಢಿ ಇನ್ನೂ ಬೆಳೆದಿರಲಿಲ್ಲ. ಗಳಗನಾಥರು ಹೊಸ ಸರಕನ್ನು ಹಳೆಯ ದಾರಿಯಲ್ಲಿ ಒಯ್ದರು.

ಅವರ ತರುವಾಯ ದಾರಿಗಳು ಬೇರೆಬೇರೆಯಾದವು. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ, ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡರು. ಗಂಟಿನ ಕೆಲಸವನ್ನು ಅಂಚೆಯಣ್ಣನು ವಹಿಸಿಕೊಂಡಂತಾಯಿತು. ಅತ್ತ ಪುತ್ತೂರಿನಲ್ಲಿ ಶಿವರಾಮ ಕಾರಂತರು ಸ್ವಂತ ಮುದ್ರಣಾಲಯವನ್ನೇ ಇಟ್ಟರು. 1930ರ ಆಸುಪಾಸಿನಲ್ಲಿ ಅವರು 'ಡೊಮಿಂಗೊ', 'ಭೂತರಾಜ್ಯ' ಎಂಬ ಎರಡು ಮೂಕಿ ಚಿತ್ರಗಳನ್ನು ತೆಗೆದಿದ್ದರೆಂಬುದು ನಿಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಕ್ಯಾಮೆರಾವನ್ನೂ ಅಚ್ಚಿನ ಮೊಳೆಯನ್ನೂ ಎರಡನ್ನೂ ಬಲ್ಲ ಆ ಮಹನೀಯರ ಕೈಗೆ ಇಂದಿನ ಮೊಬೈಲು ಸಿಕ್ಕಿದ್ದರೆ ಏನಾಗುತ್ತಿತ್ತೋ! ಇರಲಿ.

ಇನ್ನು ಟ್ರೈಲರ್ ಎಂಬ ಶಬ್ದಕ್ಕೆ ಬರೋಣ. ನಮ್ಮ ಊರಿನವರಿಗೆ ಟ್ರೈಲರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಗಾಡಿ. ಅವರು ಹೇಳುವುದೇ ಮೂಲಾರ್ಥ. ಹಿಂದೆ ಬರುವುದು ಟ್ರೈಲರ್. ಚಲನಚಿತ್ರದ್ದು ಮುಂದೆ ಬರುತ್ತದಲ್ಲ ಎಂದು ನೀವು ಕೇಳಬಹುದು. ಮೊದಲು ಅದೂ ಹಿಂದೆಯೇ ಬರುತ್ತಿತ್ತು. 1913ರಲ್ಲಿ, ಅಂದರೆ ನಮ್ಮಲ್ಲಿ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' ತೆರೆಕಂಡ ವರ್ಷವೇ, ನ್ಯೂಯಾರ್ಕಿನ ಮಾರ್ಕಸ್ ಲೋ ಚಿತ್ರಮಂದಿರಗಳ ಪ್ರಚಾರಾಧಿಕಾರಿಯಾಗಿದ್ದ ನಿಲ್ಸ್ ಗ್ರಾನ್‌ಲಂಡ್ ಎಂಬಾತನು ಇಂಥದೊಂದು ತುಣುಕನ್ನು ಮಾಡಿ ತೋರಿಸಿದನು. ಆರಂಭದ ದಿನಗಳಲ್ಲಿ ಇಂಥ ತುಣುಕುಗಳನ್ನು ಚಿತ್ರ ಮುಗಿದ ಬಳಿಕ ತೋರಿಸುತ್ತಿದ್ದರು. ಚಿತ್ರ ಮುಗಿದೊಡನೆ ಜನ ಎದ್ದು ಹೊರಡುವುದು ಲೋಕರೂಢಿ. ಆದ್ದರಿಂದ ತುಣುಕು ಮುಂದಕ್ಕೆ ಬಂತು, ಹೆಸರು ಹಿಂದೆಯೇ ಉಳಿಯಿತು. ಗ್ರಾನ್‌ಲಂಡನ ಆ ತುಣುಕು ಚಲನಚಿತ್ರಕ್ಕೆ ಸಂಬಂಧಿಸಿದ್ದೇ ಅಲ್ಲ, ರಂಗದ ಮೇಲಿನ ಒಂದು ಸಂಗೀತನಾಟಕಕ್ಕೆ ಮಾಡಿದ್ದು ಎಂಬುದನ್ನು ಗಮನಿಸಬೇಕು. ಒಂದು ಕಲೆಯು ತನ್ನ ಪ್ರಚಾರಕ್ಕೆ ಇನ್ನೊಂದು ಕಲೆಯ ಹೆಗಲನ್ನು ಏರುವುದು ಟ್ರೈಲರಿನ ಹುಟ್ಟಿನಲ್ಲಿಯೇ ಇದೆ. ಆದುದರಿಂದ ಪುಸ್ತಕಕ್ಕೆ ಟ್ರೈಲರು ಏಕೆ ಎಂದು ಹುಬ್ಬೇರಿಸುವವರ ಜತೆ ನಾನು ವಾದಕ್ಕೆ ನಿಲ್ಲುವುದಿಲ್ಲ. ಅಮೆರಿಕದಲ್ಲಿ 2000ದ ದಶಕದ ಮೊದಲ ವರ್ಷಗಳಲ್ಲಿ ಪುಸ್ತಕದ ಟ್ರೈಲರುಗಳು ಕಾಣಿಸಿಕೊಂಡವು. 2005ರಲ್ಲಿ ಯೂಟ್ಯೂಬ್ ಬಂದ ಮೇಲೆ ಅವಕ್ಕೆ ನೆಲೆ ಸಿಕ್ಕಿತು.

ಆದರೆ ಅವುಗಳನ್ನು ಮನೆಯಲ್ಲಿ ಮಾಡುವುದು ಸಾಧ್ಯವಾದದ್ದು ಹೇಗೆ? ನಾನು ನಿವೃತ್ತನಾದ 2007ರಲ್ಲಿ ನೀವು ಕೊಟ್ಟ ಸಿ.ಡಿ. ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಶಾಲೆಯ ಫೋಟೋಗಳನ್ನು ಪೋಣಿಸಿ, ಹಾಡು ಹಾಕಿ, ವಿಂಡೋಸಿನ ಮೂವಿ ಮೇಕರಿನಲ್ಲಿ ಮಾಡಿದ್ದಿರಿ. ಒಂದು ಚಿತ್ರ ಹೋಗಿ ಇನ್ನೊಂದು ಬರುವಾಗ ಎಲ್ಲಿ ನೋಡಿದರೂ ನಕ್ಷತ್ರ, ಹೃದಯ, ಮಗುಚುವ ಪುಟ! ಮುಖ್ಯೋಪಾಧ್ಯಾಯರ ಮುಖವು ಹೃದಯಾಕಾರದೊಳಗಿಂದ ಮೂಡಿದಾಗ ಸಭೆಯಲ್ಲಿ ಎದ್ದ ನಗೆ ನಿಮಗೆ ನೆನಪಿರಬೇಕು. ಆ ತಂತ್ರಾಂಶ 2000ದಲ್ಲಿ ವಿಂಡೋಸ್ ಜೊತೆಗೆ ಪುಕ್ಕಟೆಯಾಗಿ ಬಂತು. ಅದಕ್ಕೂ ಮೊದಲು ಚಿತ್ರ ಕತ್ತರಿಸಿ ಜೋಡಿಸುವುದೆಂದರೆ ದೊಡ್ಡ ಯಂತ್ರ, ದೊಡ್ಡ ದುಡ್ಡು, ದೊಡ್ಡ ಊರು. ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಕುಳಿತ ಹುಡುಗರಿಗೆ ಸಂಕಲನವನ್ನು ಮೊದಲು ಕಲಿಸಿದ್ದು ಅದು. ಆದರೆ 2017ರ ಜನವರಿಯಲ್ಲಿ ಕಂಪನಿಯವರು ಅದನ್ನು ಹಿಂತೆಗೆದುಕೊಂಡರು. ಪುಕ್ಕಟೆ ಕೊಟ್ಟವರು ಹಿಂದಕ್ಕೆ ಪಡೆದರೆ ಕೇಳುವ ಹಕ್ಕು ನಮಗಿಲ್ಲ.

ಇದಕ್ಕಿಂತ ಬೇರೆಯಾದ ಇನ್ನೊಂದು ಜಾತಿಯಿದೆ. 2002ರಲ್ಲಿ ಹುಟ್ಟಿದ ಕೆಡೆನ್‌ಲೈವ್, 2008ರ ಓಪನ್‌ಶಾಟ್, ನಾನು ಬಳಸಿದ ಶಾಟ್‌ಕಟ್, ಧ್ವನಿಗಾಗಿ 2000ದಿಂದ ಬಳಕೆಯಲ್ಲಿರುವ ಅಡಾಸಿಟಿ ಇವೆಲ್ಲ ಮುಕ್ತ ತಂತ್ರಾಂಶಗಳು. ಇವುಗಳ ಮೂಲ ಸಂಕೇತವು ಎಲ್ಲರಿಗೂ ತೆರೆದಿರುತ್ತದೆ. ಒಬ್ಬನು ಕೈಬಿಟ್ಟರೆ ಇನ್ನೊಬ್ಬನು ಮುಂದುವರಿಸಬಹುದು. ಊರ ಕೆರೆಯಿದ್ದಂತೆ ಎನ್ನಿ. ನಮ್ಮ ಗಳಗನಾಥರ ಪುಸ್ತಕವೂ ಈಗ ಅಂಥದೇ ಕೆರೆ. ಲೇಖಕನು ತೀರಿಕೊಂಡ ಬಳಿಕ 60 ವರ್ಷಗಳವರೆಗೆ ಕೃತಿಸ್ವಾಮ್ಯವಿರುವುದು ನಮ್ಮ ದೇಶದ ಕಾನೂನು. ಆ ಲೆಕ್ಕದಲ್ಲಿ 2002ರ ಅಂತ್ಯಕ್ಕೆ ಅವರ ಬರಹಗಳು ಎಲ್ಲರ ಸೊತ್ತಾದವು. ಯಾರ ಅನುಮತಿಯನ್ನೂ ಬೇಡದೆ ಅದರ ಪುಟವನ್ನು ತೋರಿಸಬಹುದು, ವಾಕ್ಯವನ್ನು ಓದಬಹುದು. ಹೊಸ ಪುಸ್ತಕವಾದರೆ ಈ ಸ್ವಾತಂತ್ರ್ಯವಿರುವುದಿಲ್ಲ. ಸಿನಿಮಾದ ಹಾಡನ್ನು ಹಿನ್ನೆಲೆಗೆ ಹಾಕುವ ಸ್ವಾತಂತ್ರ್ಯವಂತೂ ಯಾರಿಗೂ ಇಲ್ಲ. ನಿಮ್ಮಲ್ಲಿ ಮದುವೆಯ ವಿಡಿಯೋ ಮಾಡುವವರು ಇದನ್ನು ಓದಿಕೊಳ್ಳಿರಿ.

1923ರಲ್ಲಿ ಪ್ರಕಟವಾದ 'ಮಾಧವ ಕರುಣಾ ವಿಲಾಸ' ವಿಜಯನಗರದ ಸ್ಥಾಪನೆಯ ಕಥೆ. ಮಾಧವ ಎಂದರೆ ವಿದ್ಯಾರಣ್ಯರು. ಮೊಮ್ಮಗಳು ಬೇಸಿಗೆಯ ರಜೆಗೆ ಬಂದಿದ್ದಳು. ಲ್ಯಾಪ್‌ಟಾಪು ಅವಳದು, ಹಟ ನನ್ನದು. ನಾವು ಮೊದಲು ಮಾಡಿದ ಕೆಲಸ ಗಡಿಯಾರ ಹಿಡಿದು ಓದಿದ್ದು. ಕನ್ನಡವನ್ನು ಸ್ಪಷ್ಟವಾಗಿ, ಉಸಿರಿಗೆ ಎಡೆಯಿಟ್ಟು ಓದಿದರೆ ನನ್ನ ಗಂಟಲಿನಲ್ಲಿ ನಿಮಿಷಕ್ಕೆ ಸುಮಾರು ತೊಂಬತ್ತು ಪದ. ಒಂದೂವರೆ ನಿಮಿಷದಲ್ಲಿ ಮೌನಕ್ಕೂ ಸ್ವಲ್ಪ ಜಾಗ ಬೇಕೆಂದರೆ ನೂರಹತ್ತು ಪದಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ನಾನು ಮೊದಲು ಬರೆದಿದ್ದು ನಾನೂರು. ನೂರಹತ್ತಕ್ಕೆ ಇಳಿಸಲು ನಾಲ್ಕು ದಿನ ಬೇಕಾಯಿತು. ಪುಸ್ತಕದ ಕಥೆಯನ್ನು ಹೇಳಬಾರದು, ಕಥೆಯ ಬಾಗಿಲವರೆಗೆ ಕರೆದೊಯ್ದು ನಿಲ್ಲಿಸಬೇಕು ಎಂಬುದು ನಮ್ಮ ಒಪ್ಪಂದ.

ಚಿತ್ರಗಳ ವಿಷಯದಲ್ಲಿ ಅಷ್ಟು ಸುಲಭವಾಗಿ ಒಪ್ಪಂದವಾಗಲಿಲ್ಲ. ವಿಜಯನಗರ ಎಂದೊಡನೆ ಮೊಮ್ಮಗಳು ಕಲ್ಲಿನ ರಥ ಬೇಕೆಂದಳು. ಐವತ್ತು ರೂಪಾಯಿಯ ನೋಟಿನ ಮೇಲೆಯೂ ಇರುವ ರಥ, ನೋಡಿದ ಕೂಡಲೇ ಜನರಿಗೆ ಗುರುತು ಸಿಗುತ್ತದೆ ಎಂಬುದು ಅವಳ ವಾದ. ವಾದ ಸರಿಯೇ. ಆದರೆ ಕಾದಂಬರಿಯ ಕಾಲ 14ನೆಯ ಶತಮಾನ. ವಿಠ್ಠಲ ದೇವಾಲಯದ ಆ ರಥ 16ನೆಯ ಶತಮಾನದ್ದು. ಹಕ್ಕ-ಬುಕ್ಕರ ಕಥೆಗೆ ಕೃಷ್ಣದೇವರಾಯನ ಕಾಲದ ರಥವನ್ನು ಹೂಡಿದರೆ, ಗಾಂಧೀಜಿಯವರ ಬಾಲ್ಯದ ಕಥೆಗೆ ಮೆಟ್ರೋ ರೈಲನ್ನು ತೋರಿಸಿದಂತೆ. ಆದ್ದರಿಂದ ಹೇಮಕೂಟದ ಗುಡ್ಡವನ್ನೇರಿ, ಅಲ್ಲಿಯ ಚಿಕ್ಕ ಗುಡಿಗಳನ್ನು ಹಿಡಿದೆವು. ವಿಜಯನಗರ ದೊಡ್ಡದಾಗುವುದಕ್ಕೆ ಮೊದಲಿನ ಹಂಪೆಯ ಮುಖ ಹೇಗಿತ್ತೆಂದು ಊಹಿಸುವುದಕ್ಕೆ ಅವೇ ತಕ್ಕವು. ಆಡಂಬರವಿಲ್ಲದ ಕಲ್ಲುಗಳು, ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರಗಳು.

ವಿದ್ಯಾರಣ್ಯರನ್ನು ಹೇಗೆ ತೋರಿಸುವುದು? ಈಗ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಎರಡು ಸಾಲು ಬರೆದುಕೊಟ್ಟರೆ ಕಾವಿಯುಟ್ಟ, ಕಣ್ಣು ಹೊಳೆಯುವ ಸಂನ್ಯಾಸಿಯನ್ನು ಕ್ಷಣಾರ್ಧದಲ್ಲಿ ಬಿಡಿಸಿಕೊಡುತ್ತದೆ. ಮೊಮ್ಮಗಳು ಮೂರು ಸಂನ್ಯಾಸಿಗಳನ್ನು ಬಿಡಿಸಿ ತೋರಿಸಿದಳು. ಮೂವರೂ ಸಿನಿಮಾ ನಟರಂತೆ ಚೆಲುವರು. ನಾನು ಒಪ್ಪಲಿಲ್ಲ. ಒಮ್ಮೆ ಮುಖ ಕೊಟ್ಟರೆ ಅದು ಮಕ್ಕಳ ತಲೆಯಲ್ಲಿ ಕುಳಿತುಬಿಡುತ್ತದೆ, ನಾಳೆ ಯಾರೋ ಅದನ್ನೇ ಪ್ರಮಾಣವೆಂದು ಪಠ್ಯಪುಸ್ತಕದಲ್ಲಿ ಅಚ್ಚು ಹಾಕಿಸುತ್ತಾರೆ. ವಿರೂಪಾಕ್ಷ ದೇವಾಲಯದ ರಂಗಮಂಟಪದ ಒಳಮಾಳಿಗೆಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿ ಉತ್ಸವದ ವರ್ಣಚಿತ್ರವಿದೆ. ಅದು ಅವರ ಕಾಲಕ್ಕಿಂತ ಬಹಳ ಈಚಿನದು ಎಂಬುದು ನಿಜ. ಆದರೂ ಒಂದು ಕಾಲದ ಜನ ಅವರನ್ನು ಹೇಗೆ ನೆನೆದರು ಎಂಬುದಕ್ಕೆ ಅದು ಸಾಕ್ಷಿ. ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿ ಅದರ ಫೋಟೋ ತೆಗೆದುಕೊಂಡೆವು.

ಇಲ್ಲಿ ಇತಿಹಾಸದ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ವಿದ್ಯಾರಣ್ಯರೇ 1336ರಲ್ಲಿ ರಾಜ್ಯವನ್ನು ಸ್ಥಾಪಿಸಿಕೊಟ್ಟರೆಂಬ ಸಂಪ್ರದಾಯವನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಹಾಗೆ ಹೇಳುವ ಕೆಲವು ತಾಮ್ರಶಾಸನಗಳು ಈಚಿನವೆಂಬ ಅಭಿಪ್ರಾಯವಿದೆ. ಸಂಗಮ ಸಹೋದರರು 1346ರಲ್ಲಿ ಶೃಂಗೇರಿಗೆ ದತ್ತಿಕೊಟ್ಟ ಶಾಸನವಾದರೋ ಗಟ್ಟಿಯಾದ ಆಧಾರ. ಆದರೆ ಅದು ಕಾದಂಬರಿಯಷ್ಟು ರೋಚಕವಲ್ಲ. ಆದ್ದರಿಂದ ಟ್ರೈಲರಿನಲ್ಲಿ 'ನಿಜವಾದ ಇತಿಹಾಸ' ಎಂಬ ಮಾತನ್ನು ಬರೆಯಗೊಡಲಿಲ್ಲ. '1923ರ ಒಂದು ಕಾದಂಬರಿ' ಎಂದಷ್ಟೇ ಬರೆದೆವು.

ಸ್ಥಿರಚಿತ್ರಕ್ಕೆ ಚಲನೆ ಕೊಡುವ ಉಪಾಯ ಹಳೆಯದು. ಅಮೆರಿಕದ ಕೆನ್ ಬರ್ನ್ಸ್ ಎಂಬ ನಿರ್ದೇಶಕರು 1990ರಲ್ಲಿ ತಮ್ಮ ದೇಶದ ಅಂತರ್ಯುದ್ಧದ ಕುರಿತಾದ ಸಾಕ್ಷ್ಯಚಿತ್ರ ಸರಣಿಯಲ್ಲಿ ಹಳೆಯ ಫೋಟೋಗಳ ಮೇಲೆ ಕ್ಯಾಮೆರಾವನ್ನು ಮೆಲ್ಲಮೆಲ್ಲನೆ ಸರಿಸಿ ಅದನ್ನು ಜನಪ್ರಿಯಗೊಳಿಸಿದರು. ಈಗ ಆ ಚಲನೆಗೆ ಅವರ ಹೆಸರೇ ನಿಂತಿದೆ. ಶಾಟ್‌ಕಟ್‌ನಲ್ಲಿ ಚಿತ್ರದ ಗಾತ್ರ ಮತ್ತು ಸ್ಥಾನ ಬದಲಿಸುವ ಫಿಲ್ಟರಿನೊಳಗೆ ನಿಧಾನವಾಗಿ ಹತ್ತಿರವಾಗುವ ಸಿದ್ಧಪಡಿಸಿದ ಆಯ್ಕೆಯಿದೆ, ಒತ್ತಿದರೆ ಸಾಕು. ಪಲ್ಲಕ್ಕಿಯ ಚಿತ್ರಕ್ಕೆ ಅದನ್ನು ಒಂಬತ್ತು ಸೆಕೆಂಡು ಕೊಟ್ಟೆವು. ಉಳಿದವಕ್ಕೆ ಐದೈದು. ನಕ್ಷತ್ರ, ಹೃದಯಗಳಿಗೆ ಪ್ರವೇಶವಿರಲಿಲ್ಲ.

ಅಕ್ಷರಗಳ ವಿಷಯದಲ್ಲಿ ನಾನು ಹೆದರಿದ್ದೆ. ಮೊದಲೆಲ್ಲ ಕನ್ನಡವನ್ನರಿಯದ ತಂತ್ರಾಂಶಗಳಲ್ಲಿ ವಿದ್ಯಾರಣ್ಯ ಎಂದು ಬರೆದರೆ 'ವಿದ್‌ಯಾರಣ್‌ಯ' ಎಂದು ಒತ್ತಕ್ಷರಗಳು ಉದುರಿ ಬೀಳುತ್ತಿದ್ದವು. ಈಗ ಯೂನಿಕೋಡಿನ ಅಕ್ಷರಗಳು ಸರಿಯಾಗಿಯೇ ಕೂಡುತ್ತವೆ. ಎಲ್ಲಿಯಾದರೂ ಕೂಡದಿದ್ದರೆ ಬೇರೆಡೆ ಬರೆದು, ಚಿತ್ರವಾಗಿ ಉಳಿಸಿಕೊಂಡು, ಆ ಚಿತ್ರವನ್ನೇ ಮೇಲೆ ಕೂರಿಸುವುದು ಸುರಕ್ಷಿತ ಮಾರ್ಗ.

ಧ್ವನಿಗಾಗಿ ಬೆಳಗಿನ ಜಾವ ನಾಲ್ಕೂವರೆಗೆ ಎದ್ದೆವು. ಆ ಹೊತ್ತಿಗೆ ಬೀದಿಯಲ್ಲಿ ಬೈಕಿಲ್ಲ, ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿಯಿಲ್ಲ. ಫ್ಯಾನು ನಿಲ್ಲಿಸಿ, ಗೋಡೆಗೆ ಕೌದಿಗಳನ್ನು ತೂಗುಹಾಕಿ, ಮೊಬೈಲನ್ನು ಒಂದು ಗೇಣು ದೂರದಲ್ಲಿಟ್ಟು ಓದಿದೆ. ನನ್ನವಳ ಅಜ್ಜಿ ಹೊಲಿದ ಕೌದಿ ಪ್ರತಿಧ್ವನಿಯನ್ನು ಹೀರಿದಷ್ಟು ಚೆನ್ನಾಗಿ ಇನ್ನಾವುದೂ ಹೀರಲಾರದು. ಓದುವ ಮೊದಲು ಐದು ಸೆಕೆಂಡು ಸುಮ್ಮನಿರಬೇಕು. ಆ ಮೌನದ ತುಂಡನ್ನು ಅಡಾಸಿಟಿಗೆ ತೋರಿಸಿ 'ಇದು ಗದ್ದಲದ ಮಾದರಿ' ಎಂದರೆ ಉಳಿದ ಭಾಗದಿಂದ ಅದನ್ನು ಸೋಸಿ ತೆಗೆಯುತ್ತದೆ. ಹೆಚ್ಚು ಸೋಸಿದರೆ ದನಿ ತಗಡಿನ ಡಬ್ಬಿಯೊಳಗಿಂದ ಬಂದಂತಾಗುತ್ತದೆ, ಜೋಕೆ. ಸಂಗೀತ ಹಾಕಲಿಲ್ಲ, ಗಳಗನಾಥದ ಸಂಗಮದಲ್ಲಿ ಹಿಡಿದುತಂದ ನೀರಿನ ಸದ್ದನ್ನೇ ಉದ್ದಕ್ಕೂ ಮೆಲ್ಲಗೆ ಹರಿಸಿದೆವು. ಅದೇ ತುಂಗಭದ್ರೆ ಮುಂದೆ ಅಣೆಕಟ್ಟನ್ನು ದಾಟಿ ಹಂಪೆಯ ಬದಿಯಲ್ಲಿ ಹರಿಯುತ್ತಾಳೆ. ಲೇಖಕನ ಊರಿನಿಂದ ಕಥೆಯ ಊರಿಗೆ ನೀರೇ ದಾರಿ ತೋರಿಸಿತು.

ಎಲ್ಲಕ್ಕಿಂತ ದೊಡ್ಡ ಜಗಳ ನಡೆದದ್ದು ಭಾಷೆಯ ಮೇಲೆ. ಟ್ರೈಲರಿನ ಕೊನೆಗೆ ಕಾದಂಬರಿಯದೇ ಒಂದು ವಾಕ್ಯವನ್ನು ಇಡಿಯಾಗಿ ಓದಬೇಕೆಂದು ನಾನು ಹೇಳಿದೆ. ಗಳಗನಾಥರ ವಾಕ್ಯವೆಂದರೆ ನಿಮಗೆ ಗೊತ್ತಿಲ್ಲ: ಸಂಸ್ಕೃತದ ಸಮಾಸಗಳನ್ನು ಹೊತ್ತು, ಒಳಗೊಳಗೇ ತಿರುವು ತೆಗೆದುಕೊಂಡು, ಕ್ರಿಯಾಪದಕ್ಕೆ ಬರುವಷ್ಟರಲ್ಲಿ ಉಸಿರು ಮುಗಿಯುತ್ತದೆ. "ಅಜ್ಜಾ, ಈ ಕನ್ನಡ ಯಾರಿಗೂ ತಿಳಿಯಂಗಿಲ್ಲ. ಸರಳ ಮಾಡಿ ಹೇಳೂಣು" ಎಂದಳು. ಸರಳ ಮಾಡಿದರೆ ನೋಡಿದವರು ಒಂದು ಪುಸ್ತಕವನ್ನು ನಿರೀಕ್ಷಿಸಿ ಬಂದು ಇನ್ನೊಂದನ್ನು ಕಾಣುತ್ತಾರೆ, ಮೂರನೆಯ ಪುಟಕ್ಕೆ ಮುಚ್ಚಿಡುತ್ತಾರೆ. ಗಿರಾಕಿಗೆ ಮಾದರಿ ತೋರಿಸುವಾಗ ಇರುವ ಸರಕನ್ನೇ ತೋರಿಸಬೇಕು ಎಂದೆ. ಅವಳು ಬಿಡಲಿಲ್ಲ; ಟ್ರೈಲರನ್ನು ಯಾರೂ ಕೊನೆಯವರೆಗೆ ನೋಡದಿದ್ದರೆ ಯಾವ ಸರಕನ್ನು ತೋರಿಸಿದರೇನು ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕಡೆಗೆ ಮೊದಲ ಒಂದು ನಿಮಿಷ ಇಂದಿನ ಕನ್ನಡದಲ್ಲಿ ಅವಳು ಓದಿದಳು, ಕೊನೆಯ ಇಪ್ಪತ್ತಾರು ಸೆಕೆಂಡು ಗಳಗನಾಥರ ವಾಕ್ಯವನ್ನು ನಾನು ಓದಿದೆ. ಅಷ್ಟು ಹೊತ್ತೂ ತೆರೆಯ ಮೇಲೆ ಒಂದೇ ದೃಶ್ಯ: ಧೋತರದಲ್ಲಿ ಕಟ್ಟಿದ ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಹೊಲದ ದಾರಿಯಲ್ಲಿ ನಡೆದುಹೋಗುತ್ತಿರುವ ಒಬ್ಬ ಮನುಷ್ಯನ ಬೆನ್ನು. ಮುಖ ತೋರಿಸಿಲ್ಲ. ನಡೆದವರು ನಮ್ಮ ಪಕ್ಕದ ಮನೆಯ ಹಿರಿಯರು. ಗಂಟಿನೊಳಗಿದ್ದವು ನನ್ನ ಹಳೆಯ ಶಬ್ದಕೋಶಗಳು. ಕತ್ತು ಇನ್ನೂ ಹಿಡಿದುಕೊಂಡಿದೆಯೆಂದು ಅವರು ಸಿಕ್ಕಾಗಲೆಲ್ಲ ಹೇಳುತ್ತಾರೆ. ಗಳಗನಾಥರ ಕತ್ತಿನ ಗತಿಯೇನಾಗಿತ್ತೋ.

ಟ್ರೈಲರನ್ನು ನೂರನಲವತ್ತು ಮಂದಿಗೆ ಕಳುಹಿಸಿದೆ. 'ಚೆನ್ನಾಗಿದೆ ಸರ್' ಎಂದವರು ಬಹಳ, ಕೈಮುಗಿಯುವ ಚಿತ್ರ ಕಳುಹಿಸಿದವರು ಇನ್ನೂ ಬಹಳ. ಪುಸ್ತಕ ಎಲ್ಲಿ ಸಿಗುತ್ತದೆಂದು ಕೇಳಿದವರು ಹನ್ನೊಂದು ಮಂದಿ. ಅವರಲ್ಲಿ ಮೂವರು ಪೂರ್ತಿ ಓದಿದ್ದಾರೆ. ಒಬ್ಬರು ನಡುವೆ ಬಿಟ್ಟು, ಬಿಟ್ಟ ಕಾರಣವನ್ನು ಎರಡು ಪುಟಗಳಲ್ಲಿ ಬರೆದಿದ್ದಾರೆ. ಕಾರಣಗಳು ಸಾಧಾರವಾಗಿವೆ, ಅದನ್ನು ಮುಂದೊಮ್ಮೆ ಚರ್ಚಿಸೋಣ. ಎರವಲು ತಂದ ಪ್ರತಿಯನ್ನು ಹಿಂತಿರುಗಿಸಿದ್ದೇನೆ. ಚೀಟಿಯ ಮೇಲೆ 1987ರ ಕೆಳಗೆ ಈಗ ಎರಡು ಹೊಸ ಮೊಹರುಗಳಿವೆ, ನನ್ನದೊಂದು, ನಂತರ ಒಯ್ದವರದೊಂದು. ನಾನು ಸ್ವಂತಕ್ಕೆ ಕೊಂಡ ಪ್ರತಿಯು ರಾಣೆಬೆನ್ನೂರಿನಲ್ಲಿದೆ. ಓದುತ್ತಿರುವವನು 1994ರ ತಂಡದ ಹುಡುಗ, ಈಗ ಅವನ ಮಗಳೇ ಕಾಲೇಜಿಗೆ ಹೋಗುತ್ತಾಳೆ. ಅವನ ತರುವಾಯ ಶಿರಸಿಯ ನಮ್ಮ ಅತ್ತಿಗೆಯವರ ಸರದಿ. ಅವರ ಬಳಿಕ ಬೇಕಾದವರು ಈಗಲೇ ತಿಳಿಸಿರಿ, ಹೆಸರು ಬರೆದಿಟ್ಟುಕೊಳ್ಳುತ್ತೇನೆ.